ಚಳಿಗೆ ಬಿರಿಯದ ರಬ್ಬರಿಗಾಗಿ ಸೆರೆಮನೆ ಕಂಡವನು

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿರುವ ನನ್ನ ಅಣ್ಣನ ಮಗ ಚಳಿಗಾಲಕ್ಕೆ ಸ್ವಲ್ಪ ಮುಂಚೆ ಭಾರೀ ಶಕ್ತಿಯ ಎಂಜಿನ್ ಉಳ್ಳ ಕಾರೊಂದನ್ನು ಕೊಂಡ. ಅದರ ಜತೆಗೆ ಬಂದದ್ದು ಬೇಸಿಗೆಯ ಟೈರುಗಳು. ಹಿಮ ಬೀಳುವ ಮೊದಲು ಇನ್ನೂ ನಾಲ್ಕು ಚಳಿಗಾಲದ ಟೈರುಗಳಿಗೆ ಹಣ ಸುರಿಯಬೇಕೇ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವ ಕಾರಿಗೆ ಅದು ದುಂದುವೆಚ್ಚವಲ್ಲವೇ ಎಂದು ದೂರವಾಣಿಯಲ್ಲಿ ಕೇಳಿದ. ವೃತ್ತಿಜೀವನವಿಡೀ ಸರ್ಕಾರಿ ಕಡತಗಳಲ್ಲಿ ಖರ್ಚು ಮತ್ತು ಪ್ರಯೋಜನವನ್ನು ತೂಗಿದ ಚಿಕ್ಕಪ್ಪನಿಗೆ ಉತ್ತರ ಗೊತ್ತಿರಬೇಕೆಂಬುದು ಅವನ ಎಣಿಕೆ.

ನಮ್ಮ ಊರು ಶಿಕಾರಿಪುರ ತಾಲ್ಲೂಕಿನ ಈಸೂರು. 1942ರಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡು, ಮರುವರ್ಷ ಐವರನ್ನು ಗಲ್ಲಿಗೆ ಕೊಟ್ಟ ಊರೆಂದು ನಾಡಿಗೆಲ್ಲ ಅದರ ಪರಿಚಯ. ಚಳಿಯ ವಿಚಾರದಲ್ಲಿ ಮಾತ್ರ ಈಸೂರಿಗೆ ಹೇಳಿಕೊಳ್ಳುವಂಥ ಅನುಭವವಿಲ್ಲ. ಅಲ್ಲಿನ ಚಳಿ ಒಂದು ಕಂಬಳಿಯೊಳಗೆ ಮುಗಿದುಹೋಗುತ್ತದೆ. ಆದರೆ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ಬಾಲ್ಯದಲ್ಲಿ ಗಂಟೆಗಟ್ಟಲೆ ನಿಂತು ನೋಡಿದ್ದೇನೆ. ಬೆರಣಿಯ ಬೆಂಕಿಯಲ್ಲಿ ಕಾದು ಹಿಗ್ಗಿದ ಪಟ್ಟಿಯನ್ನು ಚಕ್ರದ ಮೇಲೆ ಕೂರಿಸಿ ನೀರು ಸುರಿದರೆ ಅದು ಕುಗ್ಗಿ ಬಿಗಿಯಾಗುತ್ತಿತ್ತು. ಕಬ್ಬಿಣ ನಂಬಿಕಸ್ಥ ಲೋಹ. ಬಿಸಿಯಾದರೆ ಏನಾಗುತ್ತದೆ, ತಣ್ಣಗಾದರೆ ಏನಾಗುತ್ತದೆ ಎಂಬುದು ಕಮ್ಮಾರನಿಗೆ ಗೊತ್ತಿರುತ್ತಿತ್ತು. ರಬ್ಬರಿಗೆ ಆ ಗುಣವಿರಲಿಲ್ಲ. ಅದನ್ನು ಪಳಗಿಸಲು ಹೊರಟು ತನ್ನ ಬದುಕನ್ನಷ್ಟೇ ಅಲ್ಲ, ಹೆಂಡತಿ ಮಕ್ಕಳ ಬದುಕನ್ನೂ ಪಣಕ್ಕೊಡ್ಡಿದವನು ಚಾರ್ಲ್ಸ್ ಗುಡ್‌ಇಯರ್. ಹುಡುಗನ ಪ್ರಶ್ನೆಗೆ ಉತ್ತರವನ್ನು ನಾನು ಅವನಿಂದಲೇ ಆರಂಭಿಸಿದೆ.

ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ. ತಂದೆ ಕಬ್ಬಿಣದ ಸಾಮಾನು, ಕೃಷಿ ಉಪಕರಣ, ಗುಂಡಿಗಳನ್ನು ತಯಾರಿಸುತ್ತಿದ್ದ ವ್ಯಾಪಾರಿ. ಮಗ ಫಿಲಡೆಲ್ಫಿಯಾದಲ್ಲಿ ಅದೇ ಬಗೆಯ ಅಂಗಡಿ ತೆರೆದ, ಸಾಲ ಕೊಟ್ಟು ಕೆಟ್ಟ, 1830ರ ಹೊತ್ತಿಗೆ ದಿವಾಳಿಯಾದ. ರಸಾಯನಶಾಸ್ತ್ರದ ಶಿಕ್ಷಣ ಅವನಿಗಿರಲಿಲ್ಲ.

1834ರಲ್ಲಿ ನ್ಯೂಯಾರ್ಕಿನಲ್ಲಿ ರಾಕ್ಸ್‌ಬರಿ ಇಂಡಿಯಾ ರಬ್ಬರ್ ಕಂಪನಿಯ ಅಂಗಡಿಗೆ ಹೋದಾಗ ಅಲ್ಲಿದ್ದ ಜೀವರಕ್ಷಕ ಪಟ್ಟಿಯ ಗಾಳಿ ಕವಾಟ ಅವನಿಗೆ ಕಳಪೆ ಎನಿಸಿತು. ಉತ್ತಮವಾದದ್ದೊಂದನ್ನು ತಯಾರಿಸಿಕೊಂಡು ಮತ್ತೆ ಹೋದ. ಅಲ್ಲಿನ ವ್ಯವಸ್ಥಾಪಕ ನಿಜಸ್ಥಿತಿ ಬಿಚ್ಚಿಟ್ಟ: ಕೆಟ್ಟಿರುವುದು ಕವಾಟವಲ್ಲ, ರಬ್ಬರೇ. ಆ ಕಾಲದಲ್ಲಿ ಅಮೆರಿಕದಲ್ಲಿ ರಬ್ಬರಿನ ಹುಚ್ಚು ಹಬ್ಬಿತ್ತು. ಬ್ರೆಜಿಲ್‌ನಿಂದ ಬಂದ ಈ ಹೊಸ ಪದಾರ್ಥದ ಮೇಲೆ ಜನ ಧಾರಾಳವಾಗಿ ಬಂಡವಾಳ ಹೂಡಿದ್ದರು. ಆದರೆ ರಬ್ಬರಿನ ಬೂಟು, ಕೋಟುಗಳು ಬೇಸಿಗೆಯಲ್ಲಿ ಅಂಟಾಗಿ ಕರಗಿ ನಾರುತ್ತಿದ್ದವು, ಚಳಿಗಾಲದಲ್ಲಿ ಹಲಗೆಯಂತೆ ಸೆಡೆತು ಬಿರಿಯುತ್ತಿದ್ದವು. ಗಿರಾಕಿಗಳು ಮಾಲು ಹಿಂದಿರುಗಿಸತೊಡಗಿದ್ದರು. ಒಂದೇ ವರ್ಷದಲ್ಲಿ ಎರಡು ಋತುಗಳನ್ನು ತಾಳಲಾಗದ ವಸ್ತುವಿಗೆ ಮಾರುಕಟ್ಟೆ ಎಲ್ಲಿಂದ ಬರಬೇಕು?

ಊರಿಗೆ ಮರಳಿದ ಗುಡ್‌ಇಯರ್‌ನನ್ನು ಸಾಲಗಾರರು ಜೈಲಿಗೆ ಕಳಿಸಿದರು. ರಬ್ಬರಿನ ಮೇಲಿನ ಅವನ ಮೊದಲ ಪ್ರಯೋಗಗಳು ನಡೆದದ್ದು ಅಲ್ಲಿಯೇ. ಹೆಂಡತಿ ಕ್ಲಾರಿಸ್ಸಾ ತಂದುಕೊಟ್ಟ ಕಚ್ಚಾ ರಬ್ಬರು ಮತ್ತು ಲಟ್ಟಣಿಗೆಯೇ ಅವನ ಪ್ರಯೋಗಶಾಲೆ. ರಬ್ಬರಿನ ಅಂಟು ಹೀರಲು ಮೆಗ್ನೀಷಿಯಾ ಬೆರೆಸಿದ, ಸುಣ್ಣದಲ್ಲಿ ಕುದಿಸಿದ, ನೈಟ್ರಿಕ್ ಆಮ್ಲದಲ್ಲಿ ಅದ್ದಿದ. ಪ್ರತಿ ಸಲವೂ ಗೆದ್ದೆನೆಂದುಕೊಂಡ. ಮುಂದಿನ ಬೇಸಿಗೆ ಸುಳ್ಳೆಂದು ತೋರಿಸಿತು. 1838ರಲ್ಲಿ ನಥಾನಿಯಲ್ ಹೇವರ್ಡ್ ಎಂಬಾತನಿಂದ ಗಂಧಕ ಬೆರೆಸಿ ಬಿಸಿಲಿಗೊಡ್ಡುವ ವಿಧಾನದ ಹಕ್ಕನ್ನು ಪಡೆದ. ಅದರ ಬಲದ ಮೇಲೆ ಸರ್ಕಾರಕ್ಕೆ 150 ಅಂಚೆ ಚೀಲಗಳನ್ನು ಮಾಡಿಕೊಡಲು ಒಪ್ಪಿಕೊಂಡ. ನೋಡಲು ಚೆಂದವಾಗಿದ್ದ ಚೀಲಗಳು ಸೆಕೆಗೆ ತಮ್ಮ ಭಾರಕ್ಕೇ ಜೋತು ಹರಿದವು. ಗಂಧಕ ಮೇಲ್ಪದರವನ್ನಷ್ಟೇ ಗಟ್ಟಿಗೊಳಿಸಿತ್ತು. ಮಾದರಿ ನೋಡಿ ಟೆಂಡರ್ ಒಪ್ಪಿ, ಮಾಲು ಬಂದಾಗ ತಲೆಯ ಮೇಲೆ ಕೈಹೊತ್ತ ಅನುಭವ ನಮ್ಮಂಥ ಅಧಿಕಾರಿಗಳಿಗೂ ಉಂಟು.

1839ರಲ್ಲಿ ಮ್ಯಾಸಚೂಸೆಟ್ಸ್‌ನ ವೋಬರ್ನ್‌ನಲ್ಲಿ ಗಂಧಕ ಬೆರೆತ ರಬ್ಬರಿನ ತುಂಡೊಂದು ಬಿಸಿ ಒಲೆಗೆ ತಾಗಿತು. ಅದು ಕರಗಲಿಲ್ಲ, ಚರ್ಮದಂತೆ ಕರಿದು ನಿಂತಿತು. ಆ ತುಂಡನ್ನು ಬಾಗಿಲ ಹೊರಗೆ ಮೊಳೆ ಹೊಡೆದು ರಾತ್ರಿಯಿಡೀ ಕೊರೆಯುವ ಚಳಿಗೆ ಬಿಟ್ಟು, ಬೆಳಿಗ್ಗೆ ನೋಡಿದಾಗ ಮೊದಲಿನಷ್ಟೇ ಬಾಗುತ್ತಿತ್ತೆಂದು ಹೇಳುವುದುಂಟು. ಇದನ್ನು ಅದೃಷ್ಟದ ಕತೆಯಾಗಿ ಹೇಳುವವರೇ ಹೆಚ್ಚು. ಐದು ವರ್ಷ ಅದನ್ನೇ ಹುಡುಕುತ್ತಿದ್ದವನ ಕಣ್ಣಿಗಲ್ಲದೆ ಬೇರೆಯವರಿಗೆ ಅದು ಸುಟ್ಟ ಕಸವಾಗಿ ಕಾಣುತ್ತಿತ್ತು ಎಂಬುದು ನನ್ನ ಅನಿಸಿಕೆ; ಬರಿಯ ಆಕಸ್ಮಿಕವೆಂಬುದನ್ನು ಸ್ವತಃ ಅವನೂ ಒಪ್ಪಿರಲಿಲ್ಲ.

ಆಗಿದ್ದುದು ಇಷ್ಟು: ಕಚ್ಚಾ ರಬ್ಬರಿನ ಉದ್ದುದ್ದ ಅಣುಸರಪಳಿಗಳು ಬಿಸಿಯಲ್ಲಿ ಒಂದರ ಮೇಲೊಂದು ಜಾರಿಹೋಗುತ್ತವೆ. ಶಾಖದಲ್ಲಿ ಗಂಧಕ ಅವುಗಳ ನಡುವೆ ಸೇತುವೆ ಕಟ್ಟುತ್ತದೆ. ಸೇತುವೆ ಕಡಿಮೆಯಾದರೆ ಅಂಟು. ಅತಿಯಾದರೆ ಎಬೊನೈಟಿನಂತೆ ಕಲ್ಲು. ಆದರೂ ಋತುವಿನಿಂದ ರಬ್ಬರಿಗೆ ಸಿಕ್ಕಿದ ಬಿಡುಗಡೆ ಪೂರ್ಣವಲ್ಲ. ಯಾವುದೇ ರಬ್ಬರ್ ಮಿಶ್ರಣ ಒಂದು ಹಂತಕ್ಕಿಂತ ತಣ್ಣಗಾದರೆ ಗಾಜಿನಂತೆ ಪೆಡಸಾಗುತ್ತದೆ. ಬಿಸಿ ರಸ್ತೆಯಲ್ಲಿ ವೇಗವಾಗಿ ಓಡಲೆಂದು ರೂಪಿಸಿದ ಬೇಸಿಗೆಯ ಟೈರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಿಡಿತ ಕಳೆದುಕೊಳ್ಳತೊಡಗುತ್ತದೆ. ಮಂಜುಗಡ್ಡೆಯ ಚಳಿಯಲ್ಲಿ ಅಂಥ ಟೈರು ಬಿರಿಯಬಹುದು ಎಂದು ತಯಾರಕರೇ ಎಚ್ಚರಿಸುತ್ತಾರೆ. ರಾಕ್ಸ್‌ಬರಿಯ ಬೂಟಿನ ಕತೆಯೇ!

ಹುಡುಗನಿಗೆ ಹೇಳಬೇಕಾದದ್ದು ಇಲ್ಲಿತ್ತು. ಎಂಜಿನ್ ಎಷ್ಟೇ ಬಲಶಾಲಿಯಾಗಿರಲಿ, ಪ್ರತಿ ಟೈರು ನೆಲ ಮುಟ್ಟುವುದು ಹೆಚ್ಚುಕಡಿಮೆ ಅಂಗೈಯಷ್ಟು ಜಾಗದಲ್ಲಿ. ನಾಲ್ಕೂ ಚಕ್ರಕ್ಕೆ ಬಲ ಹರಿದರೆ ಕಾರು ಹೊರಡಲು ಅನುಕೂಲ. ನಿಲ್ಲಿಸಲು, ತಿರುಗಿಸಲು ಅಲ್ಲ. ಆದ್ದರಿಂದ ಎರಡು ಸಾಲದು, ನಾಲ್ಕನ್ನೂ ಬದಲಿಸಬೇಕು. ಅಗಲವಾದ ಟೈರು ಹಿಮದ ಮೇಲೆ ತೇಲುತ್ತದೆ. ಕಾರು ತಯಾರಕರು ಅನುಮತಿಸುವ ಅಳತೆಗಳಲ್ಲಿ ಕಿರಿದಾದದ್ದೇ ಮೇಲು. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹೂವಿರುವ ಗುರುತನ್ನು ನೋಡಿ ಕೊಳ್ಳಬೇಕು. ಉಷ್ಣತೆ ಐದಾರು ಡಿಗ್ರಿ ಇಳಿದಾಗೆಲ್ಲ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಇನ್ನು ಖರ್ಚಿನ ಮಾತು: ಚಳಿಗಾಲದ ಟೈರು ಸವೆಯುವಾಗ ಬೇಸಿಗೆಯದು ಸವೆಯದೆ ಉಳಿಯುತ್ತದೆ. ಕಾಣುವಷ್ಟು ದೊಡ್ಡದಲ್ಲ, ನಿಜವಾದ ಹೆಚ್ಚುವರಿ ವೆಚ್ಚ.

ಗುಡ್‌ಇಯರ್‌ಗೆ ಇಂಥ ಲೆಕ್ಕಾಚಾರ ಬರುತ್ತಿರಲಿಲ್ಲ. ಸರಿಯಾದ ಶಾಖ, ಸರಿಯಾದ ಅವಧಿ ಕಂಡುಕೊಳ್ಳಲು ಅವನಿಗೆ ಇನ್ನೂ ಐದು ವರ್ಷ ಹಿಡಿಯಿತು. ಆ ವರ್ಷಗಳಲ್ಲಿ ಮನೆಯ ಸಾಮಾನು ಒಂದೊಂದಾಗಿ ಹೋಯಿತು, ಮಕ್ಕಳ ಶಾಲಾಪುಸ್ತಕಗಳೂ ಮಾರಾಟವಾದವು. ಹಲವು ಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಅವನ ಛಲವನ್ನು ಹೊಗಳುವ ಬರಹಗಳು ಈ ಭಾಗವನ್ನು ತ್ಯಾಗವೆಂದು ಕರೆದು ಮುಂದೆ ಸಾಗುತ್ತವೆ. ಆದರೆ ಆ ತ್ಯಾಗಕ್ಕೆ ಕ್ಲಾರಿಸ್ಸಾಳ ಒಪ್ಪಿಗೆ ಕೇಳಿದವರಾರು? ಸಂಶೋಧನೆಯ ಲಾಭ ಇಡೀ ಜಗತ್ತಿಗೆ, ಅಪಾಯದ ಹೊರೆ ಒಂದು ಅಡುಗೆಮನೆಗೆ ಎಂಬ ಏರ್ಪಾಡು ನನಗೆ ಇಂದಿಗೂ ಸರಿ ಕಾಣುವುದಿಲ್ಲ.

1844ರ ಜೂನ್ 15ರಂದು ಅಮೆರಿಕದ ಪೇಟೆಂಟ್ ಕೈಸೇರಿತು. ಇಂಗ್ಲೆಂಡಿನಲ್ಲಿ ಮಾತ್ರ ತಡವಾಗಿತ್ತು. ಅವನ ರಬ್ಬರಿನ ಮಾದರಿಗಳನ್ನು ಪರೀಕ್ಷಿಸಿ ಗಂಧಕದ ಸುಳಿವು ಹಿಡಿದಿದ್ದ ಥಾಮಸ್ ಹ್ಯಾನ್‌ಕಾಕ್ ಕೆಲವೇ ವಾರ ಮುಂಚೆ ಅರ್ಜಿ ಸಲ್ಲಿಸಿದ್ದ. ವಲ್ಕನೀಕರಣ ಎಂಬ ಹೆಸರು ಬಂದದ್ದೂ ಹ್ಯಾನ್‌ಕಾಕ್‌ನ ಸ್ನೇಹಿತನೊಬ್ಬನಿಂದ. ತಾಯ್ನಾಡಿನಲ್ಲಿ ಕದ್ದು ಬಳಸುವವರ ವಿರುದ್ಧ ಮೊಕದ್ದಮೆಗಳು ಸಾಲುಗಟ್ಟಿದವು. 1852ರಲ್ಲಿ ಟ್ರೆಂಟನ್‌ನ ನ್ಯಾಯಾಲಯದಲ್ಲಿ ಡೇನಿಯಲ್ ವೆಬ್‌ಸ್ಟರ್‌ನಂಥ ಹೆಸರಾಂತ ವಕೀಲ ವಾದಿಸಿ ಗೆಲುವು ತಂದುಕೊಟ್ಟ. ಬಳಸುವ ಪರವಾನಗಿಗಳನ್ನು ಗುಡ್‌ಇಯರ್ ಮಾರಿದ್ದು ಮಾತ್ರ ತೀರ ಅಗ್ಗಕ್ಕೆ. ಬಂದ ಹಣವನ್ನು 1851ರ ಲಂಡನ್, 1855ರ ಪ್ಯಾರಿಸ್ ಪ್ರದರ್ಶನಗಳಲ್ಲಿ ರಬ್ಬರಿನ ವೈಭವ ತೋರಿಸಲು ಸುರಿದ. ಫ್ರಾನ್ಸ್ ಅವನಿಗೆ ಲೀಜನ್ ಆಫ್ ಆನರ್ ಗೌರವ ನೀಡಿತು. ಆ ಪದಕ ಅವನ ಕೈಸೇರಿದ್ದು ಪ್ಯಾರಿಸ್ಸಿನ ಸಾಲಗಾರರ ಜೈಲಿನಲ್ಲಿ.

ಸಾವಿನಂಚಿನಲ್ಲಿದ್ದ ಮಗಳನ್ನು ನೋಡಲು ಹೊರಟವನಿಗೆ ನ್ಯೂಯಾರ್ಕಿನಲ್ಲಿ ಅವಳು ಹೋದ ಸುದ್ದಿ ಸಿಕ್ಕಿತು. 1860ರ ಜುಲೈ 1ರಂದು ಅಲ್ಲಿಯೇ ಅವನೂ ತೀರಿಕೊಂಡ. ಬಿಟ್ಟುಹೋದ ಸಾಲ ಸುಮಾರು ಎರಡು ಲಕ್ಷ ಡಾಲರ್. ಬೆಲ್‌ಫಾಸ್ಟ್‌ನಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ್ದು 1888ರಲ್ಲಿ. ಕಾರೆಂಬುದನ್ನು ಗುಡ್‌ಇಯರ್ ಕಾಣಲೇ ಇಲ್ಲ. 1898ರಲ್ಲಿ ಏಕ್ರನ್‌ನಲ್ಲಿ ಫ್ರಾಂಕ್ ಸೈಬರ್ಲಿಂಗ್ ತನ್ನ ಟೈರು ಕಂಪನಿಗೆ ಗೌರವಾರ್ಥ ಅವನ ಹೆಸರಿಟ್ಟ. ಆ ಕುಟುಂಬಕ್ಕೂ ಕಂಪನಿಗೂ ಸಂಬಂಧವಿರಲಿಲ್ಲ.

ಹುಡುಗ ನಾಲ್ಕೂ ಟೈರುಗಳನ್ನು ಕೊಂಡು ಚಿತ್ರ ಕಳಿಸಿದ. ಅವುಗಳ ಮೇಲಿದ್ದದ್ದು ಬೇರೊಂದು ಕಂಪನಿಯ ಹೆಸರು. ಬೇಸಿಗೆಯ ಟೈರುಗಳನ್ನು ಹಿಮ ತಾಗದ ನೆಲಮಾಳಿಗೆಯಲ್ಲಿ ಎತ್ತಿಟ್ಟಿದ್ದಾನಂತೆ.