ಸಾಲಗಾರನಿಗೂ ಲೆಕ್ಕ ಕೇಳುವ ಹಕ್ಕು ಕೊಟ್ಟ ಸರ್ ಛೋಟೂರಾಮ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಚರಿತ್ರೆ ಬರೆದುಕೊಡಿ ಎಂದು ಸಮಿತಿಯವರು ಕೇಳಿದರು. ಸಮಾಜ ವಿಜ್ಞಾನ ಕಲಿಸಿದವನೆಂಬ ಕಾರಣಕ್ಕೆ ಈ ಕೆಲಸ ನನ್ನ ಪಾಲಿಗೆ ಬಂತು. ಗಾಂಧೀಜಿ, ವಿಶ್ವೇಶ್ವರಯ್ಯ ಮುಂತಾದವರ ಬಗ್ಗೆ ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ, ಭಾಷಣದಲ್ಲಿ ಕೇಳುತ್ತಾರೆ. ಆದ್ದರಿಂದ ಉತ್ತರದಲ್ಲಿ ಮನೆಮಾತಾಗಿದ್ದರೂ ನಮ್ಮ ಕಡೆ ಅಷ್ಟಾಗಿ ಕೇಳಿಬರದ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಅವರು ಅವಿಭಜಿತ ಪಂಜಾಬ್ ಪ್ರಾಂತ್ಯದ ಮಂತ್ರಿಯಾಗಿದ್ದ ಸರ್ ಛೋಟೂರಾಮ್. ಇಲ್ಲಿ ಓದಿದವರಲ್ಲಿ ಹೆಚ್ಚಿನವರು ರೈತರ ಮನೆಯವರು. ಆದ್ದರಿಂದ ಅವರು ಮಾಡಿದ ಕೆಲಸದ ಬೆಲೆ ನಮ್ಮೂರಿನವರಿಗೆ ಹೆಚ್ಚು ವಿವರಿಸದೆಯೇ ತಿಳಿಯುತ್ತದೆ ಎಂದು ನಂಬಿದ್ದೇನೆ.

ಛೋಟೂರಾಮ್ ಹುಟ್ಟಿದ್ದು 1881ರ ನವೆಂಬರ್ 24ರಂದು, ರೋಹ್ತಕ್ ಜಿಲ್ಲೆಯ ಸಾಂಪ್ಲಾ ಬಳಿಯ ಗಢಿ ಸಾಂಪ್ಲಾ ಎಂಬ ಹಳ್ಳಿಯಲ್ಲಿ. ಆಗ ಅದು ಪಂಜಾಬಿಗೆ ಸೇರಿತ್ತು, ಈಗ ಹರಿಯಾಣದಲ್ಲಿದೆ. ಹೆತ್ತವರು ಇಟ್ಟ ಹೆಸರು ರಾಮ್ ರಿಛ್‌ಪಾಲ್. ಮನೆಯಲ್ಲಿ ಕಿರಿಯ ಮಗನಾದ್ದರಿಂದ ಎಲ್ಲರೂ ಛೋಟೂ ಎಂದು ಕರೆದರು, ಶಾಲೆಯ ದಾಖಲೆಗೂ ಅದೇ ಹೆಸರು ಹೋಯಿತು. ತಂದೆ ಸುಖೀರಾಮ್ ಸಣ್ಣ ಹಿಡುವಳಿದಾರರು. ಮಳೆ ನಂಬಿದ ಒಣ ಭೂಮಿ, ಮೇಲೆ ಸಾಲ.

ಹುಡುಗ ಸಾಂಪ್ಲಾದಲ್ಲಿ ಪ್ರಾಥಮಿಕ ಶಾಲೆಯನ್ನೂ ಝಜ್ಜರಿನಲ್ಲಿ ಮಾಧ್ಯಮಿಕ ಶಾಲೆಯನ್ನೂ ಮುಗಿಸಿದ. ಮುಂದೆ ಓದಬೇಕಾದರೆ ದಿಲ್ಲಿಗೆ ಹೋಗಬೇಕು, ಅದಕ್ಕೆ ಹಣ ಬೇಕು. ಅಪ್ಪ ಮಗ ಇಬ್ಬರೂ ಸಾಹುಕಾರನ ಮನೆಗೆ ಹೋದರು. ಆ ದಿನ ನಡೆದದ್ದನ್ನು ಅವರ ಜೀವನ ಚರಿತ್ರೆಗಳೆಲ್ಲ ಹೇಳುತ್ತವೆ. ಸಾಹುಕಾರನ ತಲೆಯ ಮೇಲೆ ಹಗ್ಗ ಕಟ್ಟಿದ ಬೀಸಣಿಗೆ ತೂಗುತ್ತಿತ್ತು. ಅವನ ಸ್ವಂತ ಮಗ ಪಕ್ಕದಲ್ಲೇ ಸುಮ್ಮನೆ ಕುಳಿತಿದ್ದರೂ ಆತ ಹಗ್ಗ ಎಳೆಯಲು ಹೇಳಿದ್ದು ಸಾಲ ಕೇಳಲು ಬಂದ ಸುಖೀರಾಮರಿಗೆ. ಅವರು ಮಾತಾಡದೆ ಎಳೆದರು. ಮಗನಿಗೆ ತಡೆಯಲಾಗಲಿಲ್ಲ, ಅಲ್ಲೇ ಆಕ್ಷೇಪಿಸಿದ. ಸಾಲಗಾರನಾದವನು ಸಾಹುಕಾರನ ಮುಂದೆ ಮನುಷ್ಯನಾಗಿ ಉಳಿಯುವುದು ಎಷ್ಟು ಕಷ್ಟ ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಲಿಲ್ಲ.

ದಿಲ್ಲಿಯ ಮಿಷನ್ ಶಾಲೆಗೆ ಸೇರಿದ ಮೇಲೂ ಈ ಸ್ವಭಾವ ಬದಲಾಗಲಿಲ್ಲ. ಹಾಸ್ಟೆಲ್ ಮೇಲ್ವಿಚಾರಕರ ವಿರುದ್ಧ ಹುಡುಗರ ಮುಷ್ಕರ ನಡೆಸಿ, ಅಂದಿನ ಪ್ರಸಿದ್ಧ ಸೇನಾನಿಯ ಹೆಸರಿನಲ್ಲಿ ಜನರಲ್ ರಾಬರ್ಟ್ ಎಂದು ಗೆಳೆಯರಿಂದ ಕರೆಸಿಕೊಂಡರು. ಅನಂತರ ಸೇಂಟ್ ಸ್ಟೀಫನ್ಸ್ ಕಾಲೇಜು ಸೇರಿದರು. ಹಣದ ಅಡಚಣೆಯಿಂದ ಓದು ನಿಂತೇಹೋಗುವಂತಾದಾಗ ಕಲ್ಕತ್ತದಲ್ಲಿ ವ್ಯಾಪಾರ ಮಾಡುತ್ತಿದ್ದ ಸೇಠ್ ಛಾಜೂರಾಮ್ ಎಂಬ ದಾನಿ ಖರ್ಚು ವಹಿಸಿಕೊಂಡರು. 1905ರಲ್ಲಿ ಪದವಿ ಬಂತು. ಆಗ್ರಾದಲ್ಲಿ ಕಾನೂನು ಓದಿ, 1912ರ ಹೊತ್ತಿಗೆ ರೋಹ್ತಕ್‌ನಲ್ಲಿ ವಕೀಲಿ ಆರಂಭಿಸಿದರು. ಮರುವರ್ಷವೇ ಅಲ್ಲಿ ಜಾಟ್ ಆಂಗ್ಲೋ ಸಂಸ್ಕೃತ ಶಾಲೆ ಹುಟ್ಟಿಕೊಂಡಿತು, ಅದನ್ನು ಕಟ್ಟಿದವರಲ್ಲಿ ಇವರೇ ಮುಂದಾಳು. 1916ರಲ್ಲಿ ಜಾಟ್ ಗೆಜೆಟ್ ಎಂಬ ಉರ್ದು ವಾರಪತ್ರಿಕೆ ಆರಂಭಿಸಿದರು. ರೈತನ ಕಷ್ಟ, ಸಾಲ, ಅಜ್ಞಾನ, ಮದುವೆ ಮುಂಜಿಗಳ ದುಂದುವೆಚ್ಚ ಇವೆಲ್ಲ ಅದರಲ್ಲಿ ಚರ್ಚೆಗೆ ಬಂದವು. ಬಡಪಾಯಿ ಜಮೀನ್ದಾರ ಎಂಬ ಅರ್ಥದ ತಲೆಬರಹದಲ್ಲಿ ಅವರು ಬರೆದ ಲೇಖನಮಾಲೆ ಬಹಳ ಹೆಸರಾಯಿತು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಜಮೀನ್ದಾರ ಎಂದರೆ ನೂರಾರು ಎಕರೆಯ ಧಣಿ. ಪಂಜಾಬಿನಲ್ಲಿ ಎರಡು ಎಕರೆ ಸ್ವಂತ ಭೂಮಿ ಉಳುವವನಿಗೂ ಅದೇ ಹೆಸರು. ಈ ಒಂದೇ ಪದದೊಳಗೆ ದೊಡ್ಡವರೂ ಚಿಕ್ಕವರೂ ಸೇರಿಕೊಂಡಿದ್ದರು. ಅವರ ರಾಜಕೀಯದ ಬಲವೂ ಅದೇ, ಮಿತಿಯೂ ಅದೇ.

ಛೋಟೂರಾಮರನ್ನು ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿಗೆ ಸೇರಿಸಲಾಗದು. 1916ರಿಂದ 1920ರವರೆಗೆ ಅವರು ರೋಹ್ತಕ್ ಜಿಲ್ಲಾ ಕಾಂಗ್ರೆಸ್ ಅಧ್ಯಕ್ಷರಾಗಿದ್ದರು. ಅದೇ ಸಮಯದಲ್ಲಿ ಮೊದಲ ಮಹಾಯುದ್ಧಕ್ಕೆ ಹಳ್ಳಿಯ ಯುವಕರು ಸೈನ್ಯ ಸೇರಲು ಪ್ರೋತ್ಸಾಹಿಸಿದರು. ಅಸಹಕಾರ ಚಳವಳಿ ಆರಂಭವಾದಾಗ ಕಾಂಗ್ರೆಸ್ ಬಿಟ್ಟರು. ಮಕ್ಕಳು ಶಾಲೆ ಬಿಟ್ಟರೆ ಹಳ್ಳಿಗೇ ನಷ್ಟ, ಕಂದಾಯ ನಿಲ್ಲಿಸಿದರೆ ರೈತನ ಭೂಮಿಯೇ ಹೋಗುತ್ತದೆ ಎಂಬುದು ಅವರ ನಿಲುವಾಗಿತ್ತು. ಬ್ರಿಟಿಷ್ ಸರ್ಕಾರದೊಂದಿಗೆ ಜಗಳವಾಡದೆ, ಶಾಸನ ಸಭೆಯೊಳಗೆ ಕುಳಿತು, ಕಾನೂನಿನ ಮೂಲಕ ಸಾಧ್ಯವಾದಷ್ಟನ್ನು ಪಡೆಯಬೇಕು ಎಂದು ಅವರು ನಂಬಿದರು. 1937ರಲ್ಲಿ ಸರ್ ಪದವಿ ಸ್ವೀಕರಿಸಿದರು. ಅನೇಕ ರಾಷ್ಟ್ರೀಯವಾದಿಗಳು ಅವರನ್ನು ಸರ್ಕಾರದ ಮನುಷ್ಯ ಎಂದು ಹಳಿದರು. ಆ ಮಾತನ್ನು ಪೂರ್ತಿ ತಳ್ಳಿಹಾಕುವುದು ನನ್ನಿಂದಾಗದು.

1923ರಲ್ಲಿ ಫಜ್ಲ್-ಇ-ಹುಸೇನ್ ಅವರೊಂದಿಗೆ ಸೇರಿ ಯೂನಿಯನಿಸ್ಟ್ ಪಕ್ಷ ಕಟ್ಟಿದರು. ಹಿಂದೂ, ಮುಸ್ಲಿಂ, ಸಿಖ್ ಎಂಬ ಭೇದವಿಲ್ಲದೆ ಭೂಮಿ ಉಳ್ಳವರ ಹಿತ ಕಾಯುವುದು ಅದರ ಗುರಿ. ಧರ್ಮದ ಹೆಸರಿನಲ್ಲಿ ಮನಸ್ಸುಗಳು ಒಡೆಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. 1924ರಿಂದ 1926ರವರೆಗೆ ಅವರು ಕೃಷಿ ಮಂತ್ರಿಯಾದರು. 1937ರ ಚುನಾವಣೆಯಲ್ಲಿ 175 ಸ್ಥಾನಗಳ ಶಾಸನ ಸಭೆಯಲ್ಲಿ ಪಕ್ಷಕ್ಕೆ ಬಹುಮತ ಬಂದು ಸರ್ ಸಿಕಂದರ್ ಹಯಾತ್ ಖಾನ್ ಪ್ರಾಂತ್ಯದ ಪ್ರೀಮಿಯರ್ ಆದರು. ಇಂದಿನ ಲೆಕ್ಕದಲ್ಲಿ ಅದು ಮುಖ್ಯಮಂತ್ರಿ ಸ್ಥಾನ. ಛೋಟೂರಾಮ್ ಅಭಿವೃದ್ಧಿ ಮಂತ್ರಿಯಾದರು, ಮುಂದೆ ಕಂದಾಯ ಖಾತೆಯೂ ಅವರಿಗೆ ಬಂತು.

ಆಗಿನ ಪಂಜಾಬಿನ ಸ್ಥಿತಿ ಹೇಗಿತ್ತು? ಮಾಲ್ಕಮ್ ಡಾರ್ಲಿಂಗ್ ಎಂಬ ಬ್ರಿಟಿಷ್ ಅಧಿಕಾರಿ 1921ರ ಸುಮಾರಿಗೆ ಅಲ್ಲಿನ ರೈತರ ಒಟ್ಟು ಸಾಲ 90 ಕೋಟಿ ರೂಪಾಯಿ ಎಂದು ಅಂದಾಜು ಮಾಡಿದ್ದರು. ಹತ್ತು ವರ್ಷದೊಳಗೆ ಬ್ಯಾಂಕಿಂಗ್ ವಿಚಾರಣಾ ಸಮಿತಿಯ ಅಂದಾಜು 135 ಕೋಟಿಗೆ ಏರಿತು. 1929ರ ನಂತರ ಗೋಧಿಯ ಬೆಲೆ ಕುಸಿದಾಗ ಬಡ್ಡಿ ತೀರಿಸುವುದೇ ಅಸಾಧ್ಯವಾಯಿತು. ಸಾಲದ ಮೊತ್ತಕ್ಕಿಂತಲೂ ಕೆಟ್ಟದ್ದು ಅದರ ಲೆಕ್ಕ. ಪುಸ್ತಕ ಸಾಹುಕಾರನ ಬಳಿ, ಬರೆಯುವವನು ಅವನೇ, ಓದಬಲ್ಲವನೂ ಅವನೇ. ರೈತನದ್ದು ಹೆಬ್ಬೆಟ್ಟು ಮಾತ್ರ. ಕೊಟ್ಟ ಹಣ ಜಮೆಯಾಯಿತೋ ಇಲ್ಲವೋ, ಅಸಲೆಷ್ಟು, ಚಕ್ರಬಡ್ಡಿಯೆಷ್ಟು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಮ್ಮ ಭಾಗದ ಹಿರಿಯರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಅಜ್ಜನ ಕಾಲದ ಸಾಲಪತ್ರಗಳಲ್ಲಿಯೂ ಸಹಿಯ ಜಾಗದಲ್ಲಿ ಇದ್ದದ್ದು ಹೆಬ್ಬೆಟ್ಟಿನ ಗುರುತೇ.

ಆದ್ದರಿಂದ ಛೋಟೂರಾಮ್ ಮತ್ತು ಅವರ ಪಕ್ಷ ಬೆನ್ನು ಹತ್ತಿ ತಂದ ಕಾನೂನುಗಳಲ್ಲಿ ನನಗೆ ಬಹಳ ದೊಡ್ಡದೆನಿಸುವುದು 1930ರ ಲೆಕ್ಕಪತ್ರ ನಿಯಂತ್ರಣ ಕಾಯ್ದೆ. ಸಾಹುಕಾರನು ಪ್ರತಿಯೊಬ್ಬ ಸಾಲಗಾರನ ಲೆಕ್ಕವನ್ನು ಕ್ರಮವಾಗಿ ಬರೆದಿಡಬೇಕು, ಆರು ತಿಂಗಳಿಗೊಮ್ಮೆ ಅದರ ಪ್ರತಿಯನ್ನು ಸಾಲಗಾರನಿಗೆ ಕಳುಹಿಸಬೇಕು. ಕೇಳಲು ಸಣ್ಣ ನಿಯಮ. ಆದರೆ ಅಲ್ಲಿಯವರೆಗೆ ಬೀಗದೊಳಗಿದ್ದ ಪುಸ್ತಕ ಆ ದಿನದಿಂದ ಹೊರಗೆ ಬಂತು. 1934ರ ಋಣ ಪರಿಹಾರ ಕಾಯ್ದೆ ಸಾಲದ ವ್ಯಾಜ್ಯಗಳನ್ನು ರಾಜಿಯಲ್ಲಿ ತೀರಿಸಲು ಮಂಡಳಿಗಳನ್ನು ರಚಿಸಿತು, ಬಡ್ಡಿ ಅಸಲನ್ನು ಮೀರಿ ಬೆಳೆಯದಂತೆ ತಡೆ ಹಾಕಿತು. ನ್ಯಾಯಾಲಯದ ಹೆಸರಿನಲ್ಲಿ ರೈತನ ಎತ್ತು, ಗಾಡಿ, ನೇಗಿಲು ಜಪ್ತಿಯಾಗದಂತೆ ರಕ್ಷಣೆ ಬಲವಾಯಿತು. 1938ರಲ್ಲಿ ಲೇವಾದೇವಿಗಾರರ ನೋಂದಣಿ ಕಾಯ್ದೆ ಬಂತು. ಪರವಾನಗಿ ಇಲ್ಲದವನು ಸಾಲ ವಸೂಲಿಗೆ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿರಲಿಲ್ಲ. ಅದೇ ವರ್ಷದ ಇನ್ನೊಂದು ಕಾಯ್ದೆ, 1901ಕ್ಕೆ ಮೊದಲು ಅಡವಿಟ್ಟು ಇನ್ನೂ ಬಿಡಿಸಿಕೊಳ್ಳಲಾಗದ ಭೂಮಿಯನ್ನು ರೈತರಿಗೆ ಮರಳಿಸುವ ದಾರಿ ತೆರೆಯಿತು. ಅಜ್ಜ ಕಳೆದುಕೊಂಡ ಹೊಲಕ್ಕೆ ಮೊಮ್ಮಗ ಮತ್ತೆ ನೇಗಿಲು ಹೂಡಿದ.

1939ರ ಕೃಷಿ ಮಾರುಕಟ್ಟೆ ಕಾಯ್ದೆಯೂ ಅಷ್ಟೇ ಮುಖ್ಯ. ಮಂಡಿಯಲ್ಲಿ ತೂಕದ ಮೋಸ, ದಲಾಲಿ, ಹಮಾಲಿ, ಧರ್ಮಕ್ಕೆಂದು ಮುರಿದುಕೊಳ್ಳುವ ಕಾಸು, ಎಲ್ಲವೂ ಬೆಳೆದವನ ತಲೆಗೇ ಬೀಳುತ್ತಿತ್ತು. ಮಾರುಕಟ್ಟೆಗೆ ಸಮಿತಿ ಇರಬೇಕು, ಅದರಲ್ಲಿ ಬೆಳೆಗಾರರೂ ಕೂರಬೇಕು ಎಂದು ಕಾಯ್ದೆ ಹೇಳಿತು. ಪಟ್ಟಣದ ವರ್ತಕರು ಸಿಟ್ಟಾದರು. ಬೆಂಬಲಿಗರು ಇವನ್ನು ಚಿನ್ನದ ಕಾನೂನುಗಳೆಂದರೆ ವಿರೋಧಿಗಳು ಕರಾಳ ಕಾನೂನುಗಳೆಂದು ಚಳವಳಿ ಮಾಡಿದರು. ನಮ್ಮ ರಾಜ್ಯದಲ್ಲಿ 1966ರ ಎಪಿಎಂಸಿ ಕಾಯ್ದೆಯಡಿ ನಡೆಯುವ ಮಾರುಕಟ್ಟೆ ಯಾರ್ಡಿಗೆ ಹೋಗಿ ಬಂದವರಿಗೆ ಈ ವಿಚಾರ ಹೊಸದಲ್ಲ. ಪಂಜಾಬಿನಲ್ಲಿ ಅದು ಅದಕ್ಕೂ 27 ವರ್ಷ ಮೊದಲೇ ಕಾನೂನಾಗಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಬರೀ ಹೊಗಳಿಕೆಯಾದೀತು. ಛೋಟೂರಾಮ್ ಸಂಪ್ರದಾಯಸ್ಥ ಗ್ರಾಮೀಣ ರಾಜಕಾರಣಿ. ಹಳ್ಳಿಯನ್ನು ಪಟ್ಟಣದಿಂದ ಕಾಪಾಡಬೇಕೆಂದರೇ ಹೊರತು ಹಳ್ಳಿಯ ಒಳಗಿನ ಏರುಪೇರನ್ನು ಅಷ್ಟಾಗಿ ಮುಟ್ಟಲಿಲ್ಲ. ಪಕ್ಷದ ನಾಯಕತ್ವದಲ್ಲಿ ದೊಡ್ಡ ಭೂಮಾಲೀಕರೇ ಹೆಚ್ಚಾಗಿದ್ದರು. ಗೇಣಿದಾರನಿಗೆ ಉಳುವ ಭೂಮಿ ಸಿಗಲಿಲ್ಲ. ನಮ್ಮಲ್ಲಿ 1974ರ ಭೂಸುಧಾರಣೆಯಲ್ಲಿ ನಡೆದ ಕೆಲಸ ಅಲ್ಲಿನ ಯೂನಿಯನಿಸ್ಟರ ಯೋಚನೆಯಲ್ಲೇ ಇರಲಿಲ್ಲ. ಅವರು ಕಣ್ಣಿನಂತೆ ಕಾಪಾಡಿದ 1900ರ ಭೂ ಪರಭಾರೆ ಕಾಯ್ದೆಯು ಕೃಷಿಕ ಬುಡಕಟ್ಟುಗಳೆಂದು ಹೆಸರಿಸಿದ ಜಾತಿಗಳ ಭೂಮಿ ಹೊರಗಿನವರಿಗೆ ಹೋಗದಂತೆ ತಡೆಯುತ್ತಿತ್ತು. ಅದು ಸಾಹುಕಾರನನ್ನು ತಡೆದದ್ದು ನಿಜ. ಆದರೆ ಅದೇ ಹೊಲಗಳಲ್ಲಿ ತಲೆತಲಾಂತರದಿಂದ ಬೆವರು ಸುರಿಸಿದ ದಲಿತರು ಆ ಪಟ್ಟಿಯಲ್ಲಿರಲಿಲ್ಲ. ಕೈಯಲ್ಲಿ ಹಣವಿದ್ದರೂ ಆ ಭೂಮಿ ಕೊಳ್ಳುವ ಹಕ್ಕು ಅವರಿಗಿರಲಿಲ್ಲ. ಸಾಹುಕಾರ ಹಿಂದೆ ಸರಿದ ಕಡೆ ಉಳ್ಳ ರೈತನೇ ಬಡ ರೈತನಿಗೆ ಬಡ್ಡಿಗೆ ಕೊಡುವ ಹೊಸ ಸಾಹುಕಾರನಾದದ್ದೂ ಉಂಟು. ಆಗ ಎಲ್ಲರಿಗೂ ಮತದ ಹಕ್ಕಿರಲಿಲ್ಲ. ಆಸ್ತಿ, ಕಂದಾಯ, ವಿದ್ಯೆ ಮುಂತಾದ ಅರ್ಹತೆ ಇದ್ದವರಿಗಷ್ಟೇ ಇತ್ತು. ಮತವಿಲ್ಲದವರ ಕೂಗು ಆ ಸಭೆಗೆ ಮುಟ್ಟಲಿಲ್ಲ. ಛೋಟೂರಾಮರ ಚಿತ್ರಕ್ಕೆ ಹಾರ ಹಾಕುವಾಗ ಈ ಮಾತನ್ನೂ ಮಕ್ಕಳಿಗೆ ಹೇಳಬೇಕು.

ಕೊನೆಯ ವರ್ಷಗಳು ಕಠಿಣವಾಗಿದ್ದವು. 1942ರ ಡಿಸೆಂಬರಿನಲ್ಲಿ ಸಿಕಂದರ್ ಹಯಾತ್ ತೀರಿಕೊಂಡರು, ಖಿಜರ್ ಹಯಾತ್ ತಿವಾನಾ ಪ್ರೀಮಿಯರ್ ಆದರು. 1944ರಲ್ಲಿ ಜಿನ್ನಾ ಅವರು ಪಂಜಾಬಿನ ಸರ್ಕಾರಕ್ಕೆ ಮುಸ್ಲಿಂ ಲೀಗಿನ ಹೆಸರಿಡಬೇಕೆಂದು ಒತ್ತಾಯಿಸಿದಾಗ ಖಿಜರ್ ಒಪ್ಪಲಿಲ್ಲ, ಛೋಟೂರಾಮ್ ಅವರ ಬೆನ್ನಿಗೆ ನಿಂತರು. ಹಿಂದೂ ವಿರೋಧಿಗಳು ಇವರನ್ನು ಛೋಟೂ ಖಾನ್ ಎಂದು ಹಂಗಿಸಿದ್ದುಂಟು. ಎರಡೂ ಕಡೆಯ ಮತಾಭಿಮಾನಿಗಳಿಗೆ ಬೇಡವಾದರೂ ಅವರು ಹಿಡಿದ ದಾರಿ ಬಿಡಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಕಂದಾಯ ಮಂತ್ರಿಯಾಗಿ ಬಿಲಾಸ್‌ಪುರದ ರಾಜರೊಂದಿಗೆ ಭಾಕ್ರಾ ಅಣೆಕಟ್ಟಿನ ಒಪ್ಪಂದಕ್ಕೆ ಸಹಿ ಹಾಕಿದರು. ತಮ್ಮ ಒಣ ಜಿಲ್ಲೆಗೆ ನೀರು ಬರಬೇಕೆಂಬುದು ಅವರ ಬಹುಕಾಲದ ಆಸೆ. 1945ರ ಜನವರಿ 8ರಂದು ಯೋಜನೆ ಅಂತಿಮವಾಯಿತು. ಮರುದಿನ, ಜನವರಿ 9ರಂದು ಲಾಹೋರಿನಲ್ಲಿ ಅವರು ನಿಧನರಾದರು. ಅಣೆಕಟ್ಟು 1963ರಲ್ಲಿ ದೇಶಕ್ಕೆ ಅರ್ಪಣೆಯಾಯಿತು.

ಅವರು ಹೋದ ಮರುವರ್ಷದ ಚುನಾವಣೆಯಲ್ಲಿ ಯೂನಿಯನಿಸ್ಟ್ ಪಕ್ಷ ಕುಸಿಯಿತು. ಅದರ ಮರುವರ್ಷ ಪಂಜಾಬೇ ಎರಡು ಹೋಳಾಯಿತು. ಸಾಲದ ವಿರುದ್ಧ ಒಂದಾಗಿದ್ದ ಹಳ್ಳಿಗಳು ಧರ್ಮದ ಹೆಸರಿನಲ್ಲಿ ಒಡೆದವು. ಅವರಿದ್ದಿದ್ದರೆ ಇದು ತಪ್ಪುತ್ತಿತ್ತು ಎಂದು ಅಲ್ಲಿ ಹಲವರು ಇಂದಿಗೂ ಹೇಳುತ್ತಾರೆ. ಒಬ್ಬ ಮನುಷ್ಯನಿಂದ ಅಷ್ಟು ಸಾಧ್ಯವಿತ್ತು ಎಂದು ನನಗನಿಸುವುದಿಲ್ಲ. 2018ರಲ್ಲಿ ಸಾಂಪ್ಲಾದಲ್ಲಿ ಅವರ 64 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡಿತು. ಪ್ರತಿಮೆಗಿಂತ ಆ ಆರು ತಿಂಗಳಿಗೊಮ್ಮೆಯ ಲೆಕ್ಕದ ಚೀಟಿಯೇ ನನಗೆ ದೊಡ್ಡ ಸ್ಮಾರಕವಾಗಿ ಕಾಣುತ್ತದೆ.

ಆ ಚೀಟಿ ಕೈಗೆ ಬಂದ ರೈತನಿಗೆ ಅದನ್ನು ಓದಲು ಬರದಿದ್ದರೆ ಕಾನೂನಿನಿಂದ ಪ್ರಯೋಜನವೇನು? ಮಂತ್ರಿಯಾಗುವುದಕ್ಕೆ ಮೊದಲೇ ಛೋಟೂರಾಮ್ ಶಾಲೆ ಕಟ್ಟಲು ಹೊರಟದ್ದರ ಅರ್ಥ ಇಲ್ಲಿದೆ. ಐವತ್ತು ವರ್ಷಗಳ ಹಿಂದೆ ನಮ್ಮೂರಿನ ಹಿರಿಯರು ಜಾಗ ಕೊಟ್ಟು, ಕಲ್ಲು ಹೊತ್ತು ಈ ಪ್ರೌಢಶಾಲೆ ತಂದದ್ದರ ಅರ್ಥವೂ ಅದೇ. ಈಗ ಸಾಲ ಕೊಡುವವರು ಬ್ಯಾಂಕಿನವರು, ಸೊಸೈಟಿಯವರು, ಸಂಘದವರು, ಮೊಬೈಲಿನಲ್ಲಿ ಬರುವ ಹೆಸರಿಲ್ಲದವರು. ನಮ್ಮ ಮಕ್ಕಳಿಗೆ ನಾನು ಹೇಳುವುದಿಷ್ಟೇ. ಮನೆಯಲ್ಲಿ ಅಪ್ಪ ಅಮ್ಮ ಸಹಿ ಹಾಕುವ ಮುನ್ನ ಆ ಕಾಗದವನ್ನು ನೀವು ಒಮ್ಮೆ ಓದಿ. ಅಸಲೆಷ್ಟು, ಬಡ್ಡಿಯೆಷ್ಟು, ಕಟ್ಟಿದ್ದೆಷ್ಟು ಎಂದು ಕೇಳಿ. ಕೂಲಿಗೆ ಹೋಗುವ ಪಕ್ಕದ ಮನೆಯವರ ಕಾಗದವನ್ನೂ ಓದಿ ಹೇಳಿ. ಛೋಟೂರಾಮರು ಬಿಟ್ಟುಹೋದ ಕೆಲಸದಲ್ಲಿ ಅದೂ ಒಂದು.