ಕಾಡಿನಲ್ಲಿ ಪಾಠ ಹೇಳಿದ ಗುರು: ಬಿ.ಜಿ.ಎಲ್. ಸ್ವಾಮಿ

ಡಾ. ಬಿ.ಜಿ.ಎಲ್. ಸ್ವಾಮಿಯವರನ್ನು ಕನ್ನಡದ ಓದುಗರು ‘ಹಸುರು ಹೊನ್ನು’ ಕೃತಿಯ ಕರ್ತೃವೆಂದು ಬಲ್ಲರು. ಸಸ್ಯವಿಜ್ಞಾನಿಗಳು ಅವರನ್ನು ಹೂ ಬಿಡುವ ಸಸ್ಯಗಳ ಒಳರಚನೆಯನ್ನು ಬಿಡಿಸಿ ತೋರಿಸಿದ ಸಂಶೋಧಕರೆಂದು ನೆನೆಯುತ್ತಾರೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಚರಿತ್ರೆಯಲ್ಲಿ ಅವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಮುಂದೆ ಪ್ರಾಂಶುಪಾಲರು. ಗಿಡವನ್ನು ಅದು ಬೆಳೆದ ನೆಲದಲ್ಲಿಯೇ ಕಾಣಬೇಕು, ಕಂಡದ್ದನ್ನು ಇನ್ನೊಬ್ಬರಿಗೂ ಕಾಣಿಸಬೇಕು ಎಂಬ ಅಧ್ಯಾಪಕನ ಹಂಬಲವೇ ಈ ಮೂರು ಮುಖಗಳನ್ನು ಒಂದುಗೂಡಿಸಿತ್ತು. ತಮ್ಮ ವೃತ್ತಿಜೀವನದ ಬಹುಭಾಗವನ್ನು ಕನ್ನಡನಾಡಿನ ಹೊರಗೆ, ಮತ್ತೊಂದು ಭಾಷೆಯ ಜನರ ನಡುವೆ ಕಳೆದು, ಅಲ್ಲಿಂದಲೇ ಕನ್ನಡಕ್ಕೆ ಅಪೂರ್ವವಾದ ಗದ್ಯವನ್ನು ಕೊಟ್ಟ ಅವರ ಬದುಕು ಗಡಿನಾಡಿನ ಕನ್ನಡ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಪರಿಶೀಲನಾರ್ಹವಾಗಿದೆ.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿಯವರು ಜನಿಸಿದ್ದು 1918ರ ಫೆಬ್ರವರಿ 5ರಂದು. ತಂದೆ ಡಿ.ವಿ. ಗುಂಡಪ್ಪನವರು, ‘ಮಂಕುತಿಮ್ಮನ ಕಗ್ಗ’ದ ಕವಿ. ಗೋಪಾಲಕೃಷ್ಣ ಗೋಖಲೆಯವರನ್ನು ಸಾರ್ವಜನಿಕ ಜೀವನದ ಆದರ್ಶವೆಂದು ಸ್ವೀಕರಿಸಿ, ಬೆಂಗಳೂರಿನಲ್ಲಿ ಅವರ ಹೆಸರಿನ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದವರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಸ್ವಾಮಿಯವರು ವಿದ್ವಾಂಸರೂ ಕವಿಗಳೂ ಪತ್ರಕರ್ತರೂ ಬಂದುಹೋಗುತ್ತಿದ್ದ ಆ ಮನೆಯಲ್ಲಿ ಬೆಳೆದರು. ಸಾಹಿತ್ಯ, ಸಂಗೀತ, ಶಾಸ್ತ್ರಚರ್ಚೆಗಳು ಅಲ್ಲಿ ದಿನನಿತ್ಯದ ಮಾತುಗಳಾಗಿದ್ದವು. ಇಂತಹ ಪರಿಸರದಿಂದ ಬಂದ ಹುಡುಗ ಸಾಹಿತ್ಯದ ಪದವಿಯನ್ನು ಅರಸದೆ ಸಸ್ಯಶಾಸ್ತ್ರವನ್ನು ಆರಿಸಿಕೊಂಡನು. ತಂದೆಯ ನೆರಳು ದೊಡ್ಡದಾಗಿತ್ತು. ಮಗನು ತನ್ನ ಬೇರುಗಳಿಗೆ ಬೇರೆಯದೇ ಮಣ್ಣನ್ನು ಹುಡುಕಿಕೊಂಡನು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್ ಮುಗಿಸಿದ ತರುಣನಿಗೆ ಒಡನೆಯೇ ತಕ್ಕ ಉದ್ಯೋಗ ದೊರೆಯಲಿಲ್ಲ. ಅವರು ಸುಮ್ಮನೆ ಕೂರದೆ ಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡು, ಆರ್ಕಿಡ್ ಮೊದಲಾದ ಸಸ್ಯಗಳಲ್ಲಿ ಭ್ರೂಣವು ರೂಪುಗೊಳ್ಳುವ ಬಗೆಯನ್ನು ಅಭ್ಯಸಿಸತೊಡಗಿದರು. ಈ ಕೆಲಸ ಎಷ್ಟು ತಾಳ್ಮೆಯದೆಂಬುದನ್ನು ಅರಿಯಬೇಕಾದರೆ ಅದರ ಕ್ರಮವನ್ನು ತಿಳಿಯಬೇಕು. ಮೊಗ್ಗು, ಹೂವು, ಎಳೆಗಾಯಿಗಳನ್ನು ಅವು ಬೆಳೆಯುವ ಒಂದೊಂದು ಹಂತದಲ್ಲಿಯೂ ಕೊಯ್ದು ತರಬೇಕು. ಅವು ಕೊಳೆಯದಂತೆ ದ್ರಾವಣದಲ್ಲಿ ಇಡಬೇಕು. ಬಳಿಕ ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾದ ಹೋಳುಗಳಾಗಿ ಕತ್ತರಿಸಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದಾದ ಮೇಲೊಂದರಂತೆ ನೋಡಬೇಕು. ಆರ್ಕಿಡ್ಡಿನ ಬೀಜವಾದರೋ ಧೂಳಿನಷ್ಟು ಸಣ್ಣದು. ಅವರೆಕಾಳಿನಲ್ಲಿಯೋ ಜೋಳದಲ್ಲಿಯೋ ಇರುವಂತೆ ಮೊಳಕೆಗೆ ಬೇಕಾದ ಆಹಾರದ ಬುತ್ತಿ ಅದರಲ್ಲಿಲ್ಲ. ನೆಲದಲ್ಲಿ ತಕ್ಕ ಶಿಲೀಂಧ್ರವೊಂದು ಜೊತೆಗೂಡಿದರೆ ಮಾತ್ರ ಅದು ಮೊಳೆಯುತ್ತದೆ. ಇಂತಹ ಬೀಜದೊಳಗಿನ ಭ್ರೂಣವನ್ನು ಹಂತಹಂತವಾಗಿ ಗುರುತಿಸಿದ ಪ್ರಬಂಧಗಳು ಹೊರದೇಶಗಳ ಪತ್ರಿಕೆಗಳಲ್ಲಿ ಅಚ್ಚಾದವು. ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಡಿ.ಎಸ್ಸಿ. ಪದವಿಯನ್ನಿತ್ತಿತು.

ಅಲ್ಲಿಂದ ಅವರ ದಾರಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಸಾಗಿತು. ಅಲ್ಲಿ ಇರ್ವಿಂಗ್ ವಿಡ್ಮರ್ ಬೈಲಿಯವರು ಅವರಿಗೆ ಗುರುವೂ ಸಹೋದ್ಯೋಗಿಯೂ ಆದರು. ಇಬ್ಬರೂ ಸೇರಿ 1951ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಸಸ್ಯವಿಜ್ಞಾನದಲ್ಲಿ ಹೆಸರು ಮಾಡಿತು. ಹೂವಿನ ನಡುವೆ ಇದ್ದು ಮುಂದೆ ಕಾಯಾಗುವ ಭಾಗವು ಮೂಲತಃ ಹೇಗೆ ಹುಟ್ಟಿತು ಎಂಬುದು ಅದರ ಪ್ರಶ್ನೆ. ಎಲೆಯೊಂದನ್ನು ನಡುನರದ ಗುಂಟ ಪುಸ್ತಕದ ಹಾಳೆಯಂತೆ ಮಡಿಸಿ, ಅಂಚುಗಳನ್ನು ಒಂದಕ್ಕೊಂದು ಒತ್ತಿದರೆ ದೊರೆಯುವ ರೂಪವೇ ಅದರ ಆದಿಮ ರೂಪ ಎಂಬುದು ಅವರ ಉತ್ತರ. ಫಿಜಿ ದ್ವೀಪದ ‘ಡಿಜನೇರಿಯ’ದಂತಹ ಪ್ರಾಚೀನ ಲಕ್ಷಣದ ಮರಗಳನ್ನು ಪರೀಕ್ಷಿಸಿ ಈ ನಿರ್ಣಯಕ್ಕೆ ಬಂದಿದ್ದರು. ಅವರೆಕಾಯನ್ನು ಅಂಚಿನಲ್ಲಿ ಸೀಳಿ ಬಿಡಿಸುವವರ ಕೈಯಲ್ಲಿ ಮಡಿಸಿದ ಎಲೆಯ ಈ ಕಥೆ ದಿನವೂ ಬಿಚ್ಚಿಕೊಳ್ಳುತ್ತದೆ.

‘ಸಾರ್ಕಾಂಡ್ರ’ ಎಂಬ ಸಸ್ಯಕುಲದ ಕಾಂಡದಲ್ಲಿ, ಹೂ ಬಿಡುವ ಬಹುತೇಕ ಗಿಡಗಳಲ್ಲಿರುವಂತಹ ನೀರು ಸಾಗಿಸುವ ನಾಳಗಳಿಲ್ಲವೆಂದು ಈ ಗುರುಶಿಷ್ಯರು 1950ರಲ್ಲಿ ತೋರಿಸಿದರು. ಹಲವು ದಶಕಗಳ ತರುವಾಯ ಬೇರೆ ಸಂಶೋಧಕರು ಅದೇ ಕುಲದಲ್ಲಿ ಅಂತಹ ನಾಳಗಳನ್ನು ಗುರುತಿಸಿದರು. ವಿಜ್ಞಾನದ ನಡಿಗೆಯೇ ಹೀಗೆ; ಹಿಂದಿನವರ ಹೆಜ್ಜೆಯನ್ನು ತಿದ್ದುತ್ತಲೇ ಅದು ಮುಂದುವರಿಯುತ್ತದೆ. ಭಾರತಕ್ಕೆ ಹಿಂದಿರುಗಿದ ಮೇಲೆ ದಕ್ಷಿಣ ಭಾರತದ ಕಾಡಿನಲ್ಲಿ ಅದೇ ಕುಲದ ಗಿಡವೊಂದನ್ನು ಹೊಸ ಪ್ರಭೇದವೆಂದು ವರ್ಣಿಸಿದ ಸ್ವಾಮಿಯವರು ಅದಕ್ಕೆ ‘ಇರ್ವಿಂಗ್‌ಬೈಲಿಯೈ’ ಎಂದು ಹೆಸರಿಟ್ಟರು. ಮತ್ತೊಂದು ಗಿಡಕ್ಕೆ ಭಾರತದ ಹಿರಿಯ ಭ್ರೂಣವಿಜ್ಞಾನಿ ಪಂಚಾನನ ಮಾಹೇಶ್ವರಿಯವರ ಹೆಸರನ್ನು ಕೊಟ್ಟರು. ಹಿರಿಯರ ಋಣವನ್ನು ಅವರು ಸಂದಾಯ ಮಾಡಿದ್ದು ಹೀಗೆ.

ಸಮುದ್ರಕ್ಕೆ ಮುಖ ಮಾಡಿ ನಿಂತ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಅವರು 1950ರ ದಶಕದಲ್ಲಿ ಸೇರಿದರು. ಮುಂದಿನ ಎರಡು ದಶಕಗಳ ಕಾಲ ಅದೇ ಅವರ ಕರ್ಮಭೂಮಿಯಾಯಿತು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಮಾತು ತಮಿಳು, ಪಾಠದ ಭಾಷೆ ಇಂಗ್ಲಿಷು. ಸಸ್ಯಶಾಸ್ತ್ರವನ್ನು ಒಣಗಿದ ಮಾದರಿಗಳಿಂದಲೂ ಕಪ್ಪುಹಲಗೆಯ ಚಿತ್ರಗಳಿಂದಲೂ ಕಲಿಸಿ ಮುಗಿಸುವುದು ಸುಲಭ. ಸ್ವಾಮಿಯವರು ವಿದ್ಯಾರ್ಥಿಗಳ ತಂಡವನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟಗಳತ್ತ ಹೊರಟರು. ಮಳೆಕಾಡಿನಲ್ಲಿ ಜಿಗಣೆ ಕಾಲಿಗೆ ಹತ್ತುತ್ತದೆ, ಜಾರುವ ಬಂಡೆ ಕೈಗೆ ಸಿಗುವುದಿಲ್ಲ, ತುರಿಕೆಯ ಗಿಡ ಮೈಗೆ ತಾಗುತ್ತದೆ. ಸಂಗ್ರಹಿಸಿದ ಗಿಡಗಳನ್ನು ರಾತ್ರಿ ಬಿಡಾರದಲ್ಲಿ ಹಳೆಯ ವೃತ್ತಪತ್ರಿಕೆಗಳ ನಡುವೆ ಹರಡಿ ಒತ್ತಿಡಬೇಕು. ತೇವ ಹೀರಿದ ಕಾಗದವನ್ನು ಮರುದಿನ ಬದಲಿಸದಿದ್ದರೆ ಅಷ್ಟೂ ಶ್ರಮ ಬೂಷ್ಟು ಹಿಡಿದು ಹಾಳಾಗುತ್ತದೆ. ಈ ಶಿಸ್ತು ಉಪನ್ಯಾಸದಿಂದ ಬರುವಂಥದಲ್ಲ.

ಅಂತಹ ಸಂಚಾರಗಳ ಸಾರವೇ ‘ಹಸುರು ಹೊನ್ನು’. ಅದರಲ್ಲಿ ತರಲೆ ಮಾಡುವ ಹುಡುಗರಿದ್ದಾರೆ, ಊಟ ತಿಂಡಿಗಳ ಪರದಾಟವಿದೆ, ನಗು ಉಕ್ಕಿಸುವ ಪ್ರಸಂಗಗಳಿವೆ. ಓದುಗನು ನಗುನಗುತ್ತ ಪುಟ ಮಗುಚುತ್ತಿರುವಾಗಲೇ ಗಿಡವೊಂದು ಎದುರಾಗುತ್ತದೆ. ಅದರ ಎಲೆಯ ಆಕಾರ, ಹೂವಿನ ರಚನೆ, ಮದ್ದಿನ ಗುಣ, ಜನರು ಇಟ್ಟ ಹೆಸರು, ಕಾವ್ಯದಲ್ಲಿ ಪಡೆದ ಸ್ಥಾನ ಎಲ್ಲವೂ ಮಾತಿನ ಓಟದಲ್ಲಿಯೇ ಬಂದು ಸೇರುತ್ತವೆ. ಗೆರೆಚಿತ್ರಗಳನ್ನು ಬರೆದವರೂ ಸ್ವಾಮಿಯವರೇ. ಸೂಕ್ಷ್ಮದರ್ಶಕದ ಕೆಳಗೆ ಪಳಗಿದ ಕಣ್ಣು ಆ ಗೆರೆಗಳಲ್ಲಿ ಕಾಣುತ್ತದೆ. ದುರ್ಗಾ ಭಾಗವತರ ‘ಋತುಚಕ್ರ’ವನ್ನು ಮರಾಠಿಯಲ್ಲಿ ಓದಿದವರಿಗೆ ಎರಡು ಕೃತಿಗಳ ಅಂತರ ಕುತೂಹಲಕರವಾಗಿ ತೋರುವುದು. ಭಾಗವತರು ತಿಂಗಳಿನಿಂದ ತಿಂಗಳಿಗೆ ಬದಲಾಗುವ ನಿಸರ್ಗವನ್ನು ಏಕಾಂತದಲ್ಲಿ ಧ್ಯಾನಿಸುತ್ತಾರೆ. ಸ್ವಾಮಿಯವರು ಗದ್ದಲದ ಗುಂಪಿನ ನಡುವೆ ನಿಂತು ಬೆರಳು ಮಾಡಿ ತೋರಿಸುತ್ತಾರೆ.

ಆ ಸಂಚಾರಗಳಲ್ಲಿ ಇಂಗ್ಲಿಷ್ ತಮಿಳುಗಳಲ್ಲಿ ನಡೆದಿರಬಹುದಾದ ಪಾಠವು ಪುಸ್ತಕದಲ್ಲಿ ಅಚ್ಚಕನ್ನಡವಾಗಿ ಮರುಹುಟ್ಟು ಪಡೆಯಿತು. ಪ್ರೆಸಿಡೆನ್ಸಿ ಕಾಲೇಜಿನ ಮೆಟ್ಟಿಲನ್ನೇ ಹತ್ತದ, ಸಸ್ಯಶಾಸ್ತ್ರದ ಗಂಧವೇ ಇಲ್ಲದ ಕನ್ನಡಿಗನೂ ಆ ತಂಡದ ಹಿಂದೆ ನಡೆಯಲು ಸಾಧ್ಯವಾಯಿತು. ವಿಜ್ಞಾನದ ವಿಷಯ ಕನ್ನಡಕ್ಕೆ ಬಂದಾಗ ಭಾಷೆ ಪಾರಿಭಾಷಿಕ ಪದಗಳ ಭಾರದಿಂದ ಕುಸಿಯುವುದುಂಟು. ಸ್ವಾಮಿಯವರ ಗದ್ಯ ಆ ಭಾರವನ್ನು ಹಾಸ್ಯದ ಹೆಗಲ ಮೇಲೆ ಹೊತ್ತು ಹಗುರವಾಗಿ ನಡೆಯಿತು. 1978ರಲ್ಲಿ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ತಂದೆ ಡಿ.ವಿ.ಜಿ.ಯವರು ಇದೇ ಪ್ರಶಸ್ತಿಯನ್ನು 1967ರಲ್ಲಿ ಪಡೆದಿದ್ದರು. ಮಗನಿಗೆ ಅದು ಸಂದುದನ್ನು ಕಾಣಲು ಅವರು ಇರಲಿಲ್ಲ, 1975ರಲ್ಲಿಯೇ ತೀರಿಕೊಂಡಿದ್ದರು.

‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಎಂಬ ಪುಸ್ತಕದಲ್ಲಿ ಸಂಚಾರ ಕಾಡಿನಿಂದ ಅಡುಗೆಮನೆಗೆ ಬರುತ್ತದೆ. ನಮ್ಮದೇ ಎಂದು ನಾವು ನಂಬಿದ ಎಷ್ಟೋ ಬೆಳೆಗಳು ಕೆಲವೇ ಶತಮಾನಗಳ ಹಿಂದೆ ಕಡಲು ದಾಟಿ ಬಂದವು ಎಂಬ ಸತ್ಯವನ್ನು ಅದು ಸ್ವಾರಸ್ಯವಾಗಿ ತಿಳಿಸುತ್ತದೆ. ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡದ ಮೂಲದವು. ಜೋಳದ ರೊಟ್ಟಿಯ ಮಗ್ಗುಲಲ್ಲಿ ಸೊಲ್ಲಾಪುರದ ಶೇಂಗಾ ಚಟ್ನಿಯನ್ನು ಇಟ್ಟುಕೊಂಡು ಉಣ್ಣುವವರು ಈ ಮಾತನ್ನು ಒಂದು ಗಳಿಗೆ ಯೋಚಿಸಬೇಕು. ಪರದೇಶದಿಂದ ಬಂದದ್ದು ಇಲ್ಲಿಯ ಮಣ್ಣಿನಲ್ಲಿ ಬೇರೂರಿ, ಇಲ್ಲಿಯ ಒರಳಿನಲ್ಲಿ ಕುಟ್ಟಿಸಿಕೊಂಡು, ಈ ಸೀಮೆಯ ಗುರುತೇ ಆಗಿಬಿಟ್ಟಿದೆ.

ಕಾಲೇಜಿನ ಒಳಗಣ ಲೋಕವನ್ನೂ ಸ್ವಾಮಿಯವರು ಬಿಡಲಿಲ್ಲ. ‘ಕಾಲೇಜು ರಂಗ’, ‘ಕಾಲೇಜು ತರಂಗ’, ‘ಪ್ರಾಧ್ಯಾಪಕನ ಪೀಠದಲ್ಲಿ’ ಮುಂತಾದ ಕೃತಿಗಳಲ್ಲಿ ಶಿಕ್ಷಣಸಂಸ್ಥೆಗಳ ಸಣ್ಣತನ, ಪೊಳ್ಳು ಪ್ರತಿಷ್ಠೆಗಳು ನಗೆಗೀಡಾದವು. ‘ಕಾಲೇಜು ರಂಗ’ವನ್ನು ಪುಟ್ಟಣ್ಣ ಕಣಗಾಲರು 1976ರಲ್ಲಿ ಚಲನಚಿತ್ರವಾಗಿ ತೆರೆಗೆ ತಂದರು. ಈ ಬರಹಗಳ ನಗೆಯ ಹಿಂದೆ ಅಸಹನೆಯೂ ಇದೆ. ಕಲಿಕೆಯನ್ನು ಪವಿತ್ರವೆಂದು ಬಗೆದವನು ಅದು ವ್ಯಾಪಾರವಾಗುವುದನ್ನು ಕಂಡಾಗ ಹುಟ್ಟುವ ಅಸಹನೆ ಅದು.

ಮದರಾಸಿನ ಬದುಕಿನ ಮತ್ತೊಂದು ಫಲ ‘ತಮಿಳು ತಲೆಗಳ ನಡುವೆ’. ಸ್ವಾಮಿಯವರು ತಮಿಳನ್ನು ಬರಿಯ ವ್ಯವಹಾರಕ್ಕಾಗುವಷ್ಟು ಕಲಿತು ಸುಮ್ಮನಾಗಲಿಲ್ಲ. ಆ ಭಾಷೆಯ ಸಾಹಿತ್ಯಚರಿತ್ರೆಗೂ ಶಾಸನಗಳಿಗೂ ಕೈಹಾಕಿ, ತೇವಾರಂ ರಚಿಸಿದ ಮೂವರು ಶೈವ ಸಂತಕವಿಗಳ ಕಾಲನಿರ್ಣಯದಂತಹ ಜಟಿಲ ಪ್ರಶ್ನೆಗಳ ಮೇಲೆ ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು. ರೂಢಿಯ ಕಾಲಮಾನಕ್ಕಿಂತ ಈಚಿನ ಕಾಲವನ್ನು ಸೂಚಿಸಿದ ಅವರ ವಾದಗಳನ್ನು ತಮಿಳು ವಿದ್ವಾಂಸರಲ್ಲಿ ಹಲವರು ಒಪ್ಪಲಿಲ್ಲ. ಅವರ ತೀರ್ಮಾನಗಳ ಬಲಾಬಲ ಹೇಗೇ ಇರಲಿ, ನೆರೆಯ ಭಾಷೆಯ ಮೂಲಗ್ರಂಥಗಳನ್ನೂ ಶಾಸನಗಳನ್ನೂ ಓದಿ, ಆಧಾರ ಮುಂದಿಟ್ಟು ಅದರ ಪಂಡಿತರೊಡನೆ ವಾದಕ್ಕಿಳಿಯುವ ಸಿದ್ಧತೆ ಗಮನಾರ್ಹವಾದುದು. ಸ್ವಭಾಷಾಭಿಮಾನದ ಹೆಸರಿನಲ್ಲಿ ಪಕ್ಕದ ಭಾಷೆಗೆ ಕಿವಿ ಮುಚ್ಚಿಕೊಳ್ಳುವವರು ಗಡಿಯ ಎರಡೂ ಬದಿಗಳಲ್ಲಿದ್ದಾರೆ. ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ನಾಡಿನ ವಿದ್ಯಾರ್ಥಿಗೆ ಸ್ವಾಮಿಯವರ ನಡೆ ಬೇರೊಂದು ದಾರಿಯನ್ನು ತೋರುತ್ತದೆ. ತಮಿಳನ್ನು ಆಳವಾಗಿ ಕಲಿತುದರಿಂದ ಅವರ ಕನ್ನಡ ಕುಂದಲಿಲ್ಲ. ಆ ಕಲಿಕೆಯೇ ಅವರ ಕನ್ನಡ ಬರವಣಿಗೆಗೆ ಹೊಸ ವಸ್ತುವನ್ನೂ ಮೊನಚನ್ನೂ ಒದಗಿಸಿತು.

ನಿವೃತ್ತಿಯ ಬಳಿಕ ಮೈಸೂರಿನ ಸಂಪರ್ಕ ಅವರಿಗೆ ಮತ್ತೆ ಒದಗಿತು. ‘ಮೈಸೂರು ಡೈರಿ’ ಅದರ ನೆನಪು. ಬರೆಯಬೇಕಾದುದು ಇನ್ನೂ ಬಹಳವಿರುವಾಗಲೇ, 1980ರಲ್ಲಿ, ಅರವತ್ತೆರಡರ ವಯಸ್ಸಿನಲ್ಲಿ ಅವರು ನಿಧನರಾದರು. ತಂದೆಗೆ ಎಂಬತ್ತೆಂಟು ವರ್ಷಗಳ ತುಂಬು ಬಾಳು ಲಭಿಸಿತ್ತು. ಮಗನ ಆಯುಷ್ಯ ಅದಕ್ಕಿಂತ ಕಾಲು ಶತಮಾನದಷ್ಟು ಕಿರಿದಾಯಿತು. ಅವರೊಡನೆ ಬೆಟ್ಟ ಹತ್ತಿದ ವಿದ್ಯಾರ್ಥಿಗಳು ಗುರುವಿನ ದನಿಯನ್ನು ಕಳೆದುಕೊಂಡರು. ಕನ್ನಡ ಓದುಗರಿಗಾದರೂ ಆ ದನಿ ಪುಸ್ತಕಗಳಲ್ಲಿ ಉಳಿದಿದೆ.

ಇಂದು ಗಿಡದ ಚಿತ್ರ, ಹೆಸರು, ಗುಣ ಎಲ್ಲವೂ ಅಂಗೈಯ ಮೊಬೈಲಿನಲ್ಲಿ ದೊರೆಯುತ್ತವೆ. ದೊರೆಯದಿರುವುದು ಗಿಡದ ಮುಂದೆ ನಿಂತು ನೋಡುವ ವ್ಯವಧಾನ. ಬೇವಿನ ಹೂವಿಗೆ ಎಷ್ಟು ದಳ, ಆಲದ ಹೂವು ಎಲ್ಲಿ ಅಡಗಿದೆ, ಕರಿಜಾಲಿಯ ಮುಳ್ಳು ಹೇಗೆ ಜೋಡಿಜೋಡಿಯಾಗಿ ನಿಲ್ಲುತ್ತದೆ ಎಂಬಂತಹ ಪ್ರಶ್ನೆಗಳಿಗೆ ಘಟ್ಟದ ಮಳೆಕಾಡಿಗೆ ಹೋಗಬೇಕಾಗಿಲ್ಲ. ಬಯಲುಸೀಮೆಯ ಹೊಲದ ಬದುವೇ ಸಾಕು. ‘ಹಸುರು ಹೊನ್ನು’ ಓದಿದ ವಿದ್ಯಾರ್ಥಿಯು ಅಂತಹ ಒಂದು ಗಿಡದ ಬಳಿ ಹೋಗಿ, ಅದರ ಹೆಸರನ್ನು ಹಿರಿಯರಿಂದ ಕೇಳಿ ತಿಳಿದು, ಕನ್ನಡದಲ್ಲಿ ನಾಲ್ಕು ಸಾಲು ಬರೆದಿಟ್ಟರೆ ಸ್ವಾಮಿಯವರ ತರಗತಿಯಲ್ಲಿ ಅವನಿಗೂ ಒಂದು ಸ್ಥಾನ ದೊರೆತಂತೆಯೇ ಸರಿ.