ಯೋಗಾಚಾರ್ಯ ಕೃಷ್ಣಮಾಚಾರ್ಯರು

ಭಯಗೊಂಡವನ ಹೆಗಲು ಬಿಗಿಯುತ್ತದೆ. ದುಃಖಿತನ ಎದೆ ಕುಗ್ಗಿ ಉಸಿರು ತುಂಡಾಗುತ್ತದೆ. ದುಃಖ, ಮನಸ್ಸಿನ ಕುಸಿತ, ಅಂಗಗಳ ನಡುಕ, ತಾಳತಪ್ಪಿದ ಉಸಿರು ಇವು ಚಂಚಲಚಿತ್ತದ ಸಂಗಾತಿಗಳೆಂದು ಪತಂಜಲಿ ಮಹರ್ಷಿಗಳು ತಿಳಿಸಿದ್ದಾರೆ. ಆ ತಿಳಿವಿಗೆ ಸಾಧನೆಯ ರೂಪ ಕೊಟ್ಟವರಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಅಗ್ರಗಣ್ಯರು.

ಅವರು 1888ರ ನವೆಂಬರ್ 18ರಂದು ಚಿತ್ರದುರ್ಗ ಜಿಲ್ಲೆಯಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರೂ ಎದೆಗುಂದದೆ ಮೈಸೂರು, ಕಾಶಿಗಳಲ್ಲಿ ಶಾಸ್ತ್ರಗಳನ್ನು ಅಭ್ಯಸಿಸಿದರು. ಯೋಗವನ್ನು ನಂಬಿ ಬದುಕುವುದು ಆ ದಿನಗಳಲ್ಲಿ ಸುಲಭವಾಗಿರಲಿಲ್ಲ. ಕೆಲಕಾಲ ಕಾಫಿತೋಟದಲ್ಲಿ ದುಡಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಮರುವರ್ಷ ಅವರ ಕನ್ನಡ ಗ್ರಂಥ ‘ಯೋಗ ಮಕರಂದ’ ಪ್ರಕಟವಾಯಿತು.

ಅವರ ಬೋಧನೆಯ ತಿರುಳು ಉಸಿರು. ಮೈಯನ್ನು ಚಾಚುವಾಗ, ಬಾಗಿಸುವಾಗ ಪ್ರತಿಯೊಂದು ಚಲನೆಗೂ ಉಸಿರನ್ನು ಹೊಂದಿಸಬೇಕು. ಉಸಿರು ನೀಳವಾದಂತೆ ಸ್ನಾಯುಗಳ ಬಿಗಿ ಸಡಿಲುತ್ತದೆ; ಅದರೊಡನೆ ಮನದೊಳಗಿನ ಗಂಟೂ ಸಡಿಲುತ್ತದೆ. ಸಾಧನೆಯ ಕೊನೆಯಲ್ಲಿ ಕೆಲವರ ಕಣ್ಣು ತೇವವಾಗುವುದೂ ಉಂಟು. ನಿಧಾನವಾದ ನಿಶ್ವಾಸವು ಹೃದಯದ ಬಡಿತವನ್ನು ತಗ್ಗಿಸಿ ನರಮಂಡಲವನ್ನು ಶಾಂತಗೊಳಿಸುವುದೆಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ.

1936ರಲ್ಲಿ ಅವರು ಶಿಷ್ಯರೊಡನೆ ಉತ್ತರ ಕರ್ನಾಟಕದಲ್ಲಿ ಸಂಚರಿಸಿ ಯೋಗಪ್ರದರ್ಶನಗಳನ್ನು ನೀಡಿದರು. ಧಾರವಾಡದ ಮಹಿಳೆಯರು ಕಲಿಯಲು ಬಯಸಿದಾಗ, ಶಿಷ್ಯರಲ್ಲಿ ಕಿರಿಯನಾದ ತಮ್ಮ ಭಾವಮೈದುನನನ್ನು ಬೋಧನೆಗೆ ನೇಮಿಸಿದರು. ಬಾಲ್ಯದಲ್ಲಿ ಕ್ಷಯ, ಮಲೇರಿಯಾಗಳಿಂದ ಬಳಲಿ ಕುಗ್ಗಿದ್ದ ಆ ತರುಣನೇ ಮುಂದೆ ಲೋಕವಿಖ್ಯಾತರಾದ ಬಿ.ಕೆ.ಎಸ್. ಅಯ್ಯಂಗಾರರು. ಬೆಳಗಾವಿಯಲ್ಲಿ ಇವರ ಸಾಮರ್ಥ್ಯವನ್ನು ಕಂಡಿದ್ದ ಸರಕಾರಿ ವೈದ್ಯ ಡಾ. ವಿ.ಬಿ. ಗೋಖಲೆಯವರು 1937ರಲ್ಲಿ ಇವರನ್ನು ಪುಣೆಗೆ ಕರೆಸಿಕೊಂಡರು.

ಗುರುಗಳ ಶಿಸ್ತು ಬಲು ಕಠಿಣ. ಶಿಷ್ಯರು ಅವರೆದುರು ನಡುಗುತ್ತಿದ್ದರು. ಆದರೆ 1950ರಲ್ಲಿ ಯೋಗಶಾಲೆ ಮುಚ್ಚಿತು. ಅರುವತ್ತು ದಾಟಿದ ವಯಸ್ಸಿನಲ್ಲಿ ಆಸರೆ ತಪ್ಪಿತು. ಅವರು ಮದರಾಸಿಗೆ ತೆರಳಿ ಹೊಸದಾಗಿ ಬಾಳು ಕಟ್ಟಿದರು. ಅಲ್ಲಿ ರೋಗಿಗಳೂ ವೃದ್ಧರೂ ಅವರ ಬಳಿಗೆ ಬಂದರು. ಮನುಷ್ಯನನ್ನು ಆಸನಕ್ಕೆ ಬಗ್ಗಿಸದೆ, ಆಸನವನ್ನೇ ಮನುಷ್ಯನಿಗೆ ತಕ್ಕಂತೆ ಬಗ್ಗಿಸುವ ಕ್ರಮವನ್ನು ಅವರು ಬೆಳೆಸಿದರು. ಬಲದಿಂದ ಎಳೆದ ದೇಹ ನೋಯುತ್ತದೆ. ಉಸಿರಿನೊಡನೆ ಚಾಚಿದ ದೇಹ ಅರಳುತ್ತದೆ.

1989ರಲ್ಲಿ, ನೂರು ವರ್ಷ ತುಂಬಿದ ಬಳಿಕ, ಅವರು ಕಾಲವಾದರು. ಆಸನದ ಫಲವನ್ನು ಮೈಯ ಮಣಿತದಿಂದಷ್ಟೇ ಅಳೆಯದೆ ಉಸಿರಿನ ನೆಮ್ಮದಿಯಿಂದ ಅಳೆಯಬೇಕೆಂಬುದೇ ಅವರ ಬಾಳು ನಮಗೆ ಕಲಿಸುವ ಪಾಠ.